ಆ ಪತ್ರದ ಕೆಳಗಿನ ಹೆಸರು

ಬಾಯಿ ತುಂಬ ನೀರು ಹಿಡಿದಾಗ ಇಸ್ತ್ರಿ ಕಾಕಾನ ಎರಡೂ ಕೆನ್ನೆ ಉಬ್ಬಿ, ಎಡಗೆನ್ನೆಯ ಹಳೆಯ ಸುಟ್ಟ ಕಲೆ ಹಿಗ್ಗಿ ಬೆಳ್ಳಗೆ ಹೊಳೆಯುತ್ತಿತ್ತು. ಆ ನೀರನ್ನು ತುಟಿಯ ಸಂದಿಯಿಂದ ಅಂಗಿಯ ಮೇಲೆ ಊದಿದರೆ ಒಂದು ಹನಿಯೂ ದಪ್ಪ ಬೀಳುತ್ತಿರಲಿಲ್ಲ. ನಾನು ಪೇಪರು ಓದುತ್ತಿರುವಾಗ ಅವರಿಗೆ ಸರಿಬಾರದ ಮಾತೊಂದು ಬಂದು, ಅದೇ ಹೊತ್ತಿಗೆ ಬಾಯಲ್ಲಿ ನೀರಿದ್ದರೆ ನೋಡಬೇಕಿತ್ತು. ಕಣ್ಣು ಅಗಲವಾಗುತ್ತಿದ್ದವು. ಕೈ ಎತ್ತಿ ನನ್ನನ್ನು ತಡೆಯುತ್ತಿದ್ದರು. ಆದರೆ ನೀರು ಅಂಗಿಗೆ ಸಮನಾಗಿ ಬೀಳುವವರೆಗೆ ಬಾಯಿ ಬಿಡುತ್ತಿರಲಿಲ್ಲ. ಆಮೇಲೆ, "ನಿಲ್ಲಪಾ, ನಿಲ್ಲು. ಅವ ಏನಂದ? ಇನ್ನೊಮ್ಮಿ ಓದು" ಅನ್ನುತ್ತಿದ್ದರು.

ಊರಿನ ಹೆಸರು ಬರೆಯುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದರ ನಡುವೆ ಎಲ್ಲೋ ಒಂದು ಕಡೆ ಎಂದುಕೊಳ್ಳಿ. ಬಸ್ಸು ನಿಲ್ಲುವ ಜಾಗದ ಎದುರಿಗೆ ಒಂದು ಖಾನಾವಳಿ, ಅದರ ಗೋಡೆಗೆ ಒತ್ತಿಕೊಂಡು ತಗಡಿನ ಮಾಡಿನ ಇಸ್ತ್ರಿ ಅಂಗಡಿ. ಖಾನಾವಳಿಗೆ ಮಧ್ಯಾಹ್ನದ ಬಸ್ಸಿನಲ್ಲಿ ಪೇಪರು ಬರುತ್ತಿತ್ತು. ಮರುದಿನ ಬೆಳಿಗ್ಗೆ ಅದು ಹಳೆಯ ಪೇಪರಾಗಿ, ಇಸ್ತ್ರಿ ಬಟ್ಟೆ ಸುತ್ತಿ ಕೊಡಲು, ಕಾಕಾನ ಕೈಗೆ ಸೇರುತ್ತಿತ್ತು. ಕಾಕಾನಿಗೆ ಓದಲು ಬರುತ್ತಿರಲಿಲ್ಲ. ಆದರೆ ಯಾವ ಹಾಳೆಯಲ್ಲಿ ಚಿತ್ರ ಕಡಿಮೆ, ಅಕ್ಷರ ಒತ್ತೊತ್ತಾಗಿರುತ್ತದೋ ಅದು ವಿಚಾರ ಬರೆಯುವವರ ಹಾಳೆ ಎಂದು ಗುರುತಿಟ್ಟಿದ್ದರು. ಅದನ್ನು ಬೇರೆ ತೆಗೆದು ಇದ್ದಿಲ ಡಬ್ಬಿಯ ಮೇಲೆ ಇಡುತ್ತಿದ್ದರು. ಯಾರಾದರೂ ಓದಿ ಹೇಳುವ ತನಕ ಆ ಹಾಳೆಯಲ್ಲಿ ಬಟ್ಟೆ ಸುತ್ತುತ್ತಿರಲಿಲ್ಲ. "ಒಬ್ಬರ ಮನಿಗೆ ಏನು ಕಟ್ಟಿ ಕಳಿಸಾಕ ಹತ್ತೀನಿ ಅಂತ ನನಗ ಗೊತ್ತಿರಬೇಕಲ್ಲ" ಎನ್ನುತ್ತಿದ್ದರು.

ಎಪ್ಪತ್ತರ ದಶಕದ ನಡುವಿನಲ್ಲಿ ಆ ಓದಿ ಹೇಳುವವನು ನಾನು. ಎಸ್ಸೆಸ್ಸೆಲ್ಸಿಯನ್ನು ಎರಡನೆಯ ಸಲಕ್ಕೆ ಪಾಸು ಮಾಡಿ, ಕಂಡಕಂಡ ಇಲಾಖೆಗೆ ಅರ್ಜಿ ಹಾಕಿ, ಮನೆಯಲ್ಲಿ ಬೈಸಿಕೊಳ್ಳುವುದು ತಪ್ಪಲೆಂದು ಅವರ ಬೆಂಚಿನ ಮೇಲೆ ಕೂರುತ್ತಿದ್ದೆ. ನಮ್ಮ ಮನೆಯವರು ಕಾಕಾನ ತಾಯಿಯನ್ನು ಹೊಸ್ತಿಲ ಆಚೆ ನಿಲ್ಲಿಸಿ ಒಗೆಯಲು ಮೈಲಿಗೆ ಬಟ್ಟೆ ಹಾಕುತ್ತಿದ್ದ ಜನ. ಕಾಕಾ ಆ ತಲೆಮಾರಿನ ಕೆಲಸ ಬಿಟ್ಟು ಸ್ವಂತ ಅಂಗಡಿ ಇಟ್ಟಿದ್ದರು. ಅವರನ್ನು ಕಾಕಾ ಎಂದು ಕರೆಯುವುದೇ ನನ್ನ ದೊಡ್ಡತನ ಎಂದು ಆಗ ತಿಳಿದಿದ್ದೆ.

ಲೇಖನಗಳನ್ನು ಅವರು ತಮ್ಮ ಕಸುಬಿನ ಲೆಕ್ಕದಲ್ಲೇ ಅಳೆಯುತ್ತಿದ್ದರು. ದೊಡ್ಡ ದೊಡ್ಡ ಶಬ್ದ ಹಾಕಿ ಬರೆಯುವ ಒಬ್ಬನಿಗೆ "ಗಂಜಿ ಹೆಚ್ಚಾದವ" ಎಂದು ಹೆಸರಿಟ್ಟಿದ್ದರು. "ಹಾಕ್ಕೊಂಡ್ರ ಕುತಿಗಿ ಕೊಯ್ತೈತಿ ನೋಡಿವನ ಬರವಣಿಗಿ." ಇನ್ನೊಬ್ಬ ವಾರಕ್ಕೊಮ್ಮೆ ಬರೆಯುವವನಿದ್ದ. ಸರ್ಕಾರದ್ದೂ ಸರಿ, ಚಳವಳಿ ಮಾಡುವವರದ್ದೂ ಸರಿ, ಎಲ್ಲರೂ ಸಹನೆಯಿಂದಿರಬೇಕು ಎಂದು ಮುಗಿಸುತ್ತಿದ್ದ. ಕಾಕಾ ನಗುತ್ತಿದ್ದರು. "ಎರಡೂ ಮಗ್ಗಲು ಚಲೋ ಇಸ್ತ್ರಿ ಮಾಡ್ಯಾನ. ಹಾಕ್ಕೊಂಡು ಎಲ್ಲಿಗೆ ಹೊಂಟಾನ ಅನ್ನೋದ ಗೊತ್ತಾಗವಲ್ದು."

ಆ ಲೇಖನದಲ್ಲಿಯೇ ಒಂದು ದಿನ 'ಉದಾರವಾದ' ಎಂಬ ಮಾತು ಬಂತು.

"ಹಂಗಂದ್ರೇನಲೇ?"

ನನಗೂ ಅಷ್ಟಕ್ಕಷ್ಟೆ. "ಎಲ್ಲಾರಿಗೂ ಅವರವರ ವಿಚಾರ ಹೇಳಾಕ ಬಿಡಬೇಕು ಅನ್ನೋದು, ಕಾಕಾ."

"ಬಿಡಬೇಕು ಅಂದ್ರ, ಈಗ ಯಾರೋ ಹಿಡಕೊಂಡಾರ ಅಂತಾತು. ಹಿಡಕೊಂಡಾವರು ಯಾರು ಅಂತ ಮೊದಲು ಬರಿ ಅನ್ನು ಅವಗ."

ಹೀಗೆ ಪ್ರತಿ ಲೇಖನಕ್ಕೂ ಅವರದೊಂದು ಜವಾಬು ಇದ್ದೇ ಇರುತ್ತಿತ್ತು. ಬಸ್ಸಿಗೆ ಕಾಯುವವರು, ಖಾನಾವಳಿಯ ಗಿರಾಕಿಗಳು ಅದನ್ನು ಕೇಳಲೆಂದೇ ನಿಲ್ಲುತ್ತಿದ್ದರು. ಒಮ್ಮೆ ಅಧಿಕಾರಿಗಳು ಜನರನ್ನು ಕಚೇರಿಯ ಅಂಗಳದಲ್ಲಿ ಕಾಯಿಸುವುದರ ಬಗ್ಗೆ ಕಟುವಾದ ಲೇಖನ ಬಂದಿತ್ತು. ಅದೇ ಹಾಳೆಯಲ್ಲಿ ಒಬ್ಬ ಸಾಹೇಬರ ಮೂರು ಬಿಳಿ ಅಂಗಿಗಳನ್ನು, ಲೇಖನ ಮೇಲೆ ಕಾಣುವ ಹಾಗೆ, ಸುತ್ತಿ ಕಳಿಸಿದರು. ಸಂಜೆ ಸಾಹೇಬರ ಜವಾನ ಓಡಿ ಬಂದ.

"ಯಾಕೋ ಕಾಕಾ, ಹೊಟ್ಟಿಗೆ ಅನ್ನ ತಿಂತೀಯಿಲ್ಲ? ಸಾಹೇಬ್ರು ಕೇಳಾಕ ಹತ್ಯಾರ, ಬೇಕಂತ ಸುತ್ತ್ಯಾನೇನು ಅಂತ."

"ನನಗೇನು ಓದಾಕ ಬರ್ತೈತೇನೋ ತಮ್ಮಾ? ಪೂರಾ ಓದಿದ್ರಂತೇನು ಸಾಹೇಬ್ರು?"

"ಪೂರಾ ಓದಿದ್ರು."

"ಹಂಗಾರ ಹಾಳಿ ದಂಡ ಆಗಲಿಲ್ಲ ಬಿಡು" ಎಂದು ಇಸ್ತ್ರಿಪೆಟ್ಟಿಗೆಯ ಬೂದಿ ಊದಿದರು.

ಇನ್ನು ನನ್ನ ಮಾತಿಗೆ ಬರುತ್ತೇನೆ.

ಒಂದು ಬೆಳಿಗ್ಗೆ ನಾನು ಓದಿದ ಲೇಖನದಲ್ಲಿ, ಓದು ಬರಹ ಬಾರದವರ ಕೈಗೆ ಓಟು ಕೊಟ್ಟದ್ದೇ ನಮ್ಮ ದೇಶದ ಅವಸರ, ಸ್ವಾತಂತ್ರ್ಯವನ್ನು ಅರಗಿಸಿಕೊಳ್ಳುವ ಶಕ್ತಿ ಅವರಿಗಿಲ್ಲ, ಮೊದಲು ಅಕ್ಷರ ಕಲಿಸಿ ಆಮೇಲೆ ಹಕ್ಕು ಕೊಡಬೇಕಿತ್ತು ಎಂದು ಬರೆದಿತ್ತು. ಬರೆದವನು ತನ್ನನ್ನು ಉದಾರವಾದಿ ಎಂದು ಕರೆದುಕೊಂಡಿದ್ದ. ಕಾಕಾ ಇಸ್ತ್ರಿಪೆಟ್ಟಿಗೆಯನ್ನು ಕಲ್ಲಿನ ಮೇಲೆ ಎತ್ತಿಟ್ಟರು. ಕೆಲಸದ ನಡುವೆ ಹಾಗೆ ಎತ್ತಿಟ್ಟಿದ್ದನ್ನು ನಾನು ನೋಡಿರಲಿಲ್ಲ.

"ಕಾಗದ ತಗೊಂಡು ಬಾ. ಇವಗ ಬರಿಯೋಣ."

ಅಂಚೆಯ ಇನ್‌ಲ್ಯಾಂಡ್ ಪತ್ರ ತಂದೆ. ಅವರು ಹೇಳತೊಡಗಿದರು. "ನಾನು ಓದಾಕ ಬಾರದಾವ. ನಿಮ್ಮ ಲೇಖನ ಇನ್ನೊಬ್ಬರ ಕೈಲೆ ಓದಿಸಿ ಕೇಳೀನಿ. ಕಾಲರ್ ಮಾಸೇತೋ ಇಲ್ಲೋ ಅಂತ ನೋಡಾಕ ಅಕ್ಷರ ಬೇಕಾಗಿಲ್ಲ ಸಾಹೇಬ್ರ, ಕಣ್ಣು ಬೇಕು." ನಾನು ಬರೆಯುತ್ತ ಹೋದೆ. "ಇವತ್ತು ಓದದಾವನ ಓಟು ಬ್ಯಾಡ ಅಂತೀರಿ, ನಾಳೆ ಓದಿದಾವಂದೂ ಬ್ಯಾಡ ಅಂತೀರಿ." ನಡುನಡುವೆ ಇನ್ನೂ ಬಹಳ ಹೇಳಿದರು. ತಾಯಿಯ ಬಗ್ಗೆ, ಆಕೆ ಮೊದಲ ಸಲ ಓಟು ಹಾಕಿದ ದಿನದ ಬಗ್ಗೆ. ನಾಲ್ಕು ಅಂಗಿ ಇಸ್ತ್ರಿಯಾಗುವಷ್ಟು ಹೊತ್ತು ಹೇಳಿದರು. ಕೊನೆಗೆ, "ಕೆಳಗ ನನ್ನ ಹೆಸರು ಹಾಕು. ಇಸ್ತ್ರಿ ಅಂಗಡಿ ಅಂತನೂ ಹಾಕು" ಎಂದರು.

ಮನೆಗೆ ಹೋಗಿ ಅಂದವಾಗಿ ಬರೆದು ಅಂಚೆಗೆ ಹಾಕುತ್ತೇನೆ ಎಂದೆ. ಹಾಗೆಯೇ ಮಾಡಿದೆ. ಅವರ ಮಾತನ್ನು ಪುಸ್ತಕದ ಭಾಷೆಗೆ ತಿದ್ದಿದೆ. ಕೆಳಗೆ ನನ್ನ ಹೆಸರು ಹಾಕಿದೆ. 'ನಾನು ಓದಲು ಬಾರದವನು' ಎಂಬ ಸಾಲಿನ ಕೆಳಗೆ ನನ್ನ ಹೆಸರು ನಿಲ್ಲುವುದಿಲ್ಲವಲ್ಲ, ಅದಕ್ಕೆ 'ನಮ್ಮ ಊರಿನಲ್ಲಿ ಇಸ್ತ್ರಿ ಮಾಡುವ ಅನಕ್ಷರಸ್ಥರು ಸಹ' ಎಂದು ಬದಲಾಯಿಸಿದೆ. ಇಸ್ತ್ರಿ ಅಂಗಡಿಯವನ ಹೆಸರು ಹಾಕಿದರೆ ಪೇಪರಿನವರು ಛಾಪಿಸುವುದಿಲ್ಲ, ಮಾತು ದಂಡವಾಗುತ್ತದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಪೇಪರಿನಲ್ಲಿ ನನ್ನ ಹೆಸರು ನೋಡಬೇಕೆಂಬ ಆಸೆ ಇತ್ತು. ಅದಕ್ಕಿಂತ ಹೆಚ್ಚಿನ ಕಾರಣ ಇರಲಿಲ್ಲ.

ಹತ್ತು ಹನ್ನೆರಡು ದಿನದ ಮೇಲೆ ಪತ್ರ ಛಾಪಾಯಿತು. ಕಾಕಾ ಅವತ್ತು ಹಳೆಯ ಪೇಪರಿಗೆ ಕಾಯಲಿಲ್ಲ, ಖಾನಾವಳಿಯಿಂದ ಹೊಸದನ್ನೇ ಕೇಳಿ ತಂದರು. ನಾನು ಓದಿದೆ. ತಿದ್ದಿದ ಕಡೆಗಳಲ್ಲಿ ಅವರು ಹೇಳಿದ ಹಾಗೆಯೇ ಓದಿದೆ. ಕೊನೆಗೆ ನನ್ನ ಹೆಸರು ಇದ್ದ ಜಾಗದಲ್ಲಿ ಅವರ ಹೆಸರು ಓದಿದೆ.

"ಹೆಸರು ಇನ್ನೊಮ್ಮಿ ಓದು" ಎಂದರು.

ಓದಿದೆ.

"ಎಲ್ಲೈತಿ, ತೋರಿಸು."

ನನ್ನ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಹತ್ತಿರ ಬಗ್ಗಿ ನೋಡಿದರು. "ಇಷ್ಟ ಸಣ್ಣದು?" ಎಂದು ನಕ್ಕರು. ಪತ್ರವನ್ನು ಕತ್ತರಿಸಿ, ಗಂಜಿ ಹಚ್ಚಿ, ಅಂಗಡಿಯ ಹಲಗೆಗೆ ಅಂಟಿಸಿದರು. ಖಾನಾವಳಿಯವರಿಗೆ ಹೇಳಿ ನಾನೂ ಒಂದು ಪ್ರತಿ ತರಿಸಿಕೊಂಡು, ಪತ್ರವನ್ನು ಕತ್ತರಿಸಿ ಟ್ರಂಕಿನಲ್ಲಿಟ್ಟೆ.

ಬಂದವರಿಗೆಲ್ಲ ಹಲಗೆ ತೋರಿಸಿ, "ನಂದೈತಿ ನೋಡ್ರಿ" ಅನ್ನುತ್ತಿದ್ದರು. ಓದಲು ಬರುವವರು ಕೆಳಗಿನ ಹೆಸರು ನೋಡಿ, ನಾನು ಅವರ ಅಂಗಡಿಯಲ್ಲೇ ಕೂರುವವನಾದ್ದರಿಂದ ಅಭಿಮಾನಕ್ಕೆ ಹಾಗೆ ಹೇಳುತ್ತಾರೆ ಎಂದುಕೊಂಡರು. "ಹೌದು ಬಿಡು ಕಾಕಾ, ನಿನ್ನ ಹುಡುಗ ಚಲೋ ಬರದಾನ" ಎಂದ ಒಬ್ಬ ಮೇಷ್ಟ್ರು. "ಹುಡುಗ ಬರದಾನ, ಹೌದ್ರಿ" ಎಂದರು ಕಾಕಾ. ಇಬ್ಬರೂ ಒಂದೊಂದು ಅರ್ಥದಲ್ಲಿ ತೃಪ್ತರಾಗಿ ಬೇರೆಯಾದರು. ನಡುವೆ ಕೂತ ನಾನು ಬಗ್ಗಿ ಚಪ್ಪಲಿಯ ಉಂಗುಟ ಸರಿಮಾಡಿಕೊಂಡೆ.

ಕೆಲವು ತಿಂಗಳಿಗೆ ತುರ್ತು ಪರಿಸ್ಥಿತಿ ಬಂತು. ವಿಚಾರದ ಹಾಳೆ ಸಪ್ಪಗಾಯಿತು. ಗಿಡ ನೆಡುವುದರ ಮೇಲೆ, ಶಿಸ್ತಿನ ಮೇಲೆ, ಸಮಯಕ್ಕೆ ಬರುವ ರೈಲಿನ ಮೇಲೆ ಲೇಖನಗಳು. ಕಾಕಾ ಕೇಳಿ, "ಎಲ್ಲಾ ಒಬ್ಬನ ಅಂಗಡಿ ಬಟ್ಟಿ ಆದಂಗ ಆಗ್ಯಾವಲ್ಲೋ" ಎಂದರು. ಚುನಾವಣೆ ಮುಂದಕ್ಕೆ ಹೋದಾಗ ಜನ ಹಲಗೆಯ ಮೇಲಿನ ಪತ್ರವನ್ನು ಮತ್ತೆ ಓದತೊಡಗಿದರು. ನಾಳೆ ಓದಿದವನ ಓಟೂ ಬೇಡವೆನ್ನುವಿರಿ ಎಂಬ ಸಾಲಿನ ಮೇಲೆ ಯಾರೋ ಪೆನ್ಸಿಲಿನಿಂದ ಗೆರೆ ಎಳೆದರು. ಆ ಗೆರೆಯ ಸುದ್ದಿ ಯಾರ ಕಿವಿಗೆ ಬಿತ್ತೋ, ಒಂದು ಮಧ್ಯಾಹ್ನ ಪೊಲೀಸ್ ದಫೇದಾರ ಸೈಕಲ್ ನಿಲ್ಲಿಸಿ ಒಳಗೆ ಬಂದ.

ಆ ವಾರದಲ್ಲಿ ಗುಮಾಸ್ತೆ ಹುದ್ದೆಯ ಆಯ್ಕೆಪಟ್ಟಿಯಲ್ಲಿ ನನ್ನ ಹೆಸರು ಬಂದಿತ್ತು. ನಡತೆಯ ಬಗ್ಗೆ ಠಾಣೆಯಿಂದ ವರದಿ ಹೋಗಬೇಕಿತ್ತು. ಅದು ಕಾಕಾನಿಗೆ ಗೊತ್ತಿತ್ತು. ನನ್ನ ಸಂದರ್ಶನದ ಅಂಗಿಯನ್ನು ಇಸ್ತ್ರಿ ಮಾಡಿ ಕೊಟ್ಟವರೇ ಅವರು.

ದಫೇದಾರ ಹಲಗೆಯ ಮುಂದೆ ನಿಂತು ಪತ್ರವನ್ನು ಗಟ್ಟಿಯಾಗಿ ಓದಿದ. ಕೊನೆಯಲ್ಲಿ ಹೆಸರನ್ನೂ ಓದಿದ. ಇದ್ದ ಹೆಸರನ್ನೇ ಓದಿದ.

"ಯಾರಲೇ ಇವ?"

ಕಾಕಾನ ಬಾಯಲ್ಲಿ ನೀರಿತ್ತು. ಅವರು ಬೆಂಚಿನ ಮೇಲಿದ್ದ ನನ್ನ ಕಡೆ ತಿರುಗಿ ನೋಡಿದರು. ಬಹಳ ಹೊತ್ತೇನೂ ನೋಡಲಿಲ್ಲ. ಹಾಸಿದ್ದ ಅಂಗಿಯ ಮೇಲೆ ನೀರು ಊದಲಿಲ್ಲ. ನುಂಗಿದರು.

"ಮಾತು ನಂದು ಸಾಹೇಬ್ರ" ಎಂದರು. "ನನಗ ಬರಿಯಾಕ ಬರಂಗಿಲ್ಲ. ಈ ಹುಡುಗನ ಕೈಲೆ ಬರಿಸೀನಿ."

"ಹೆಸರು ಇವನ್ದೈತಿ ಅಲ್ಲಲೇ?"

"ನಾನ ಹಾಕಂದಿದ್ದೆ. ಇಸ್ತ್ರಿಯಾವನ ಹೆಸರು ಹಾಕಿದ್ರ ಯಾರು ಛಾಪಿಸ್ತಾರ್ರಿ?"

ನಾನು ಯಾರಿಗೂ ಹೇಳದೆ ಒಳಗೆ ಇಟ್ಟುಕೊಂಡಿದ್ದ ಮಾತು ಅದು. ಅದನ್ನು ಅವರ ಬಾಯಿಂದ ಕೇಳಿದೆ. ದಫೇದಾರ ನನ್ನನ್ನು ಕೇಳಿದ, "ಹೌದೇನೋ?" ನಾನು ತಲೆಯಾಡಿಸಿದೆ. ಬಾಯಿ ಬಿಟ್ಟು ಹೌದು ಎಂದೂ ಹೇಳಲಿಲ್ಲ.

ಹಲಗೆ ಒದ್ದೆ ಮಾಡಿ ಪತ್ರ ಕೀಳಲು ದಫೇದಾರ ಕಾಕಾನಿಗೆ ಹೇಳಿದ. ಗಂಜಿ ಗಟ್ಟಿಯಾಗಿತ್ತು, ಉಗುರಿನಿಂದ ಕೆರೆದು ತೆಗೆದರು. ಆಮೇಲೆ ಪೆಟ್ಟಿಗೆಯ ಕೆಂಡಕ್ಕೆ ನೀರು ಹಾಕಿ, ಗಿರಾಕಿಗಳ ಬಟ್ಟೆಗಳನ್ನು ಖಾನಾವಳಿಯವರಿಗೆ ಒಪ್ಪಿಸಿ, ದಫೇದಾರನ ಸೈಕಲ್ಲಿನ ಹಿಂದೆ ನಡೆದುಕೊಂಡು ಹೋದರು. ಎರಡು ದಿನ ಠಾಣೆಯಲ್ಲಿ ಕೂರಿಸಿದರು. ಹೊಡೆಯಲಿಲ್ಲ ಎಂದು ಜನ ಹೇಳಿದರು, ನಾನು ಕೇಳಲು ಹೋಗಲಿಲ್ಲ. ಬಿಡುವಾಗ ಒಂದು ಕರಾರು ಹಾಕಿದರು. ದಿನಾ ಮಧ್ಯಾಹ್ನದ ಮೇಲೆ ಠಾಣೆಯ ಪಡಸಾಲೆಯಲ್ಲಿ ಕೂತು ಎಲ್ಲರ ಖಾಕಿ ಬಟ್ಟೆ ಪುಕ್ಕಟೆ ಇಸ್ತ್ರಿ ಮಾಡಬೇಕು. ಅಷ್ಟು ದಿನ ಇಷ್ಟು ದಿನ ಎಂದು ಹೇಳಿರಲಿಲ್ಲ.

ನನ್ನ ವರದಿ ಸರಿಯಾಗಿಯೇ ಹೋಯಿತು. ಹಡಗಲಿಯಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಪಡಸಾಲೆಗೆ ಹೋದೆ. ಕಾಕಾ ಖಾಕಿ ಚಡ್ಡಿಯ ಮಡಿಕೆ ಹಿಡಿಯುತ್ತಿದ್ದರು. ಕಾಲಿಗೆ ಬೀಳಬೇಕೆಂದು ಹೋದವನು ಪೊಲೀಸರು ನೋಡುತ್ತಾರೆಂದು ನಿಂತುಬಿಟ್ಟೆ.

"ಕಾಕಾ, ಹೊಂಟೆ."

"ಹ್ಞಾಂ. ಎಷ್ಟೊತ್ತಿಗೈತಿ ಬಸ್ಸು?"

"ಮೂರಕ್ಕ."

"ಆತು, ಹೋಗು. ಜಾಗ ಸಿಗಂಗಿಲ್ಲ ಆಮ್ಯಾಲ."

ನನ್ನ ತಪ್ಪಾಯಿತು ಎನ್ನಲು ಅಲ್ಲಿ ಬೇಕಾದಷ್ಟು ಹೊತ್ತಿತ್ತು. ಬಸ್ಸಿಗೆ ಇನ್ನೂ ಒಂದು ತಾಸು ಇತ್ತು.

ಇಷ್ಟಕ್ಕೆ ನಿಂತಿದ್ದರೆ ಹೆದರಿಕೆಗೆ ಮಾಡಿದ್ದು ಎನ್ನಬಹುದಿತ್ತು. ತುರ್ತು ಪರಿಸ್ಥಿತಿ ಹೋಗಿ ಸರ್ಕಾರ ಬದಲಾದ ಮೇಲೆ, ಆ ಕಾಲದಲ್ಲಿ ಎದುರು ಮಾತಾಡಿದವರಿಗೆ ಎಲ್ಲ ಕಡೆ ಗೌರವ ಬಂತು. ನಾನು ಟ್ರಂಕಿನಿಂದ ಆ ಕತ್ತರಿಕೆ ತೆಗೆದು ಕಚೇರಿಯ ಗೆಳೆಯರಿಗೆ ತೋರಿಸಿದೆ. ಅವರು ಒಂದು ಸಂಜೆ ಶಾಲು ಹೊದಿಸಿದರು. ನಾನು ಸ್ವಾತಂತ್ರ್ಯದ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಕಾಲರಿನ ಮಾತನ್ನೂ ಹೇಳಿದೆ, ಚಪ್ಪಾಳೆ ಬಿತ್ತು. ಆ ಹೆದರಿಕೆ ಹೋಗಿ ಆಗಲೇ ವರ್ಷವಾಗಿತ್ತು.

ಊರಿಗೆ ಬಂದಾಗ ಅಂಗಡಿಗೆ ಹೋಗುತ್ತಿದ್ದೆ. ಎಂಬತ್ತರ ದಶಕದಲ್ಲಿ ಪೇಪರು ಬೆಳಿಗ್ಗೆಯೇ ಬರತೊಡಗಿತ್ತು. ಕಾಕಾ ಕೊಂಡೇ ತರಿಸುತ್ತಿದ್ದರು. "ಬಾ, ಕುಂದ್ರು, ಓದು" ಎಂದು ವಿಚಾರದ ಹಾಳೆ ನನ್ನ ಕೈಗೆ ಕೊಡುತ್ತಿದ್ದರು. ನಾನು ಓದುತ್ತಿದ್ದೆ. ಮುಗಿಸಿ, "ಏನಂತೀರಿ ಕಾಕಾ?" ಎಂದರೆ, "ಚಲೋ ಐತಿ" ಎನ್ನುತ್ತಿದ್ದರು.

ಗಂಜಿ ಹೆಚ್ಚಾದವನ ಲೇಖನಕ್ಕೂ ಚಲೋ ಐತಿ. ಎರಡೂ ಮಗ್ಗಲು ಇಸ್ತ್ರಿ ಮಾಡುವವನಿಗೂ ಚಲೋ ಐತಿ. ಮೊದಮೊದಲು ವಯಸ್ಸಾಗಿ ಸುಮ್ಮನಾಗಿದ್ದಾರೆ ಎಂದುಕೊಂಡೆ. ಒಂದು ದಿನ ನಾನು ಓದಿ ಮುಗಿಸಿ ಖಾನಾವಳಿಗೆ ಚಹ ತರಲು ಹೋಗಿ ಬರುವಷ್ಟರಲ್ಲಿ ಅಂಗಡಿಯಲ್ಲಿ ನಗೆ ಕೇಳಿಸಿತು. ಅದೇ ಲೇಖನದ ಬಗ್ಗೆ ಕಾಕಾ ಒಬ್ಬ ಕಂಡಕ್ಟರನಿಗೆ ಜೋರಾಗಿ ಹೇಳುತ್ತಿದ್ದರು. ನಾನು ಒಳಗೆ ಕಾಲಿಟ್ಟೆ. ಅವರು ಚೊಂಬೆತ್ತಿ ಬಾಯಿಗೆ ನೀರು ತುಂಬಿಕೊಂಡರು. ತಾವು ಆಡಿದ ಮಾತು ನನ್ನ ಕೈಗೆ ಮತ್ತೆ ಸಿಗಬಾರದೆಂದು ಅವರು ತೀರ್ಮಾನಿಸಿದ್ದರು. ಬೈಗಳಿಲ್ಲ, ಮುನಿಸಿಲ್ಲ, ಬಾ ಎನ್ನುವುದು ತಪ್ಪಲಿಲ್ಲ. ಅದೊಂದನ್ನು ಮಾತ್ರ ಕೊಡಲಿಲ್ಲ.

ಅವರು ತೀರಿಕೊಂಡಾಗ ನಾನು ಹರಪನಹಳ್ಳಿಯಲ್ಲಿದ್ದೆ. ಸುದ್ದಿ ತಡವಾಗಿ ತಿಳಿದು ಐದನೆಯ ದಿನ ಹೋದೆ. ಅವರ ಮಗ ಆಗಷ್ಟೇ ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ಸೇರಿದ್ದ. ಕುರ್ಚಿ ಹಾಕಿ ಕೂರಿಸಿ, "ಅಪ್ಪನ ಹೆಸರು ಒಮ್ಮಿ ಪೇಪರಿನಾಗ ಬಂದಿತ್ತಂತರಿ. ನೀವ ಬರದು ಕೊಟ್ಟಿದ್ರಿ ಅಂತ ಹೇಳ್ತಿದ್ದ. ಅದರದೊಂದು ಪ್ರತಿ ಏನರ ನಿಮ್ಮ ಹಂತ್ಯಾಕ ಐತೇನ್ರಿ? ಅವ್ವ ನೋಡಬೇಕಂತಾಳ" ಎಂದ.

ಪತ್ರದ ಕೆಳಗಿದ್ದದ್ದು ನನ್ನ ಹೆಸರು ಎಂದು ಅವರು ಮನೆಯಲ್ಲಿಯೂ ಹೇಳಿರಲಿಲ್ಲ. ನಾನು, "ಎಲ್ಲೋ ಕಳದೈತಪಾ" ಎಂದೆ.

ಆಮೇಲೆ ಕಾಕಾನ ಹೆಂಡತಿಯೂ ತೀರಿಕೊಂಡರು. ನಾನು ನಿವೃತ್ತನಾದೆ. ಇತ್ತೀಚೆಗೆ ಎದೆಯ ನೋವು ಎಂದು ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿ ಬಂದೆ. ಬಂದವನು ಮೊದಲು ಮಾಡಿದ ಕೆಲಸ, ಆ ಕತ್ತರಿಕೆ ತೆಗೆದುಕೊಂಡು ಊರಿನ ಬಸ್ಸು ಹತ್ತಿದ್ದು. ಮಗನೂ ನಿವೃತ್ತನಾಗಿದ್ದಾನೆ. ಅವನ ಮುಂದಿಟ್ಟು ಎಲ್ಲವನ್ನೂ ಹೇಳಿದೆ. ಶಾಲಿನದನ್ನೂ ಹೇಳಿದೆ. ಅವನು ಕನ್ನಡಕ ಹಾಕಿಕೊಂಡು ಪತ್ರ ಪೂರ್ತಿ ಓದಿದ. ಕೆಳಗಿನ ಹೆಸರನ್ನೂ ಓದಿದ.

"ಅಪ್ಪಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

ಅವನು ಎದ್ದ. ಒಳಗೆ ಹೋಗಿ ಒಂದು ನೋಟ್‌ಬುಕ್ಕು, ಪೆನ್ನು ತಂದು ಕೂತ.

"ಇದು ನಿಮ್ಮ ಮಾತಿನಾಗ ಐತ್ರಿ. ಅಪ್ಪ ಹಿಂಗ ಮಾತಾಡತಿರಲಿಲ್ಲ. ಅವ ಹೆಂಗ ಹೇಳಿದ್ದ ಹಂಗ ಹೇಳ್ರಿ, ಬರಕೊಂತೀನಿ."

ನಾನು ಹೇಳಿದೆ. ನಾನು ಓದಾಕ ಬಾರದಾವ, ಇನ್ನೊಬ್ಬರ ಕೈಲೆ ಓದಿಸಿ ಕೇಳೀನಿ ಎಂಬುದನ್ನು ಹೇಳಿದೆ. ಕಾಲರಿನದು ಹೇಳಿದೆ. ಓಟಿನ ಸಾಲು ಹೇಳಿದೆ. ಅವನು ಒಂದೊಂದೇ ಅಕ್ಷರ ಬರೆದುಕೊಂಡ. ಅಲ್ಲಿಂದ ಮುಂದೆ, ಅವರ ತಾಯಿಯ ಮಾತು ಬರುವ ಕಡೆ, ನನಗೆ ನೆನಪಾದದ್ದೆಲ್ಲ ನಾನು ತಿದ್ದಿದ ವಾಕ್ಯಗಳೇ. ಅವರು ಏನು ಹೇಳಿದ್ದರು, ಯಾವ ಶಬ್ದ ಬಳಸಿದ್ದರು, ಎಲ್ಲಿ ನಕ್ಕಿದ್ದರು, ಒಂದೂ ಬರಲೊಲ್ಲದು. ನಾಲ್ಕು ಅಂಗಿಯಷ್ಟು ಹೊತ್ತಿನ ಮಾತಿನಲ್ಲಿ ಮೂರು ಸಾಲು ಮಾತ್ರ ಉಳಿದಿತ್ತು.

ಅವನು ಪೆನ್ನು ಹಾಳೆಯ ಮೇಲೆ ಇಟ್ಟುಕೊಂಡೇ ಕಾಯುತ್ತಿದ್ದ.

"ಮುಂದ ಹೇಳ್ರಿ" ಎಂದ.